ಆಷಾಢದ ಬಡಾ ಖಾನಾ

ನಿವೃತ್ತ ಸೈನಿಕರು ಒಂದು ಕಡೆ ಸೇರೋಣ ಎಂದ ಕೂಡಲೇ ಏಳುವ ಪ್ರಶ್ನೆ, ‘ತಲೆಗೆ ಎಷ್ಟು?’ ಒಟ್ಟು ಖರ್ಚನ್ನು ಬರುವವರ ಸಂಖ್ಯೆಗೆ ಭಾಗಿಸಿ ಎಲ್ಲರಿಗೂ ಒಂದೇ ಮೊತ್ತ ಹೇಳಿಬಿಡುವುದು ಸುಲಭ. ನ್ಯಾಯವೆಂದೂ ಅನ್ನಿಸುತ್ತದೆ. ನಾನು ಮಾತ್ರ ಒಪ್ಪುವುದಿಲ್ಲ. ತರಬೇತಿ ಮುಗಿಸಿ ಒಂದೇ ದಿನ ಕಸಂ ಪರೇಡ್‌ನಲ್ಲಿ ಪ್ರತಿಜ್ಞೆ ಮಾಡಿದವರಲ್ಲಿ ಒಬ್ಬ ಹದಿನೈದು ವರ್ಷದ ಸೇವೆ ತುಂಬುತ್ತಲೇ ಮನೆಗೆ ಬಂದಿರುತ್ತಾನೆ, ಇನ್ನೊಬ್ಬ ಸುಬೇದಾರ್ ಮೇಜರ್ ಆಗಿ ಬಂದಿರುತ್ತಾನೆ. ಇಬ್ಬರ ಪಿಂಚಣಿಗೂ ಅಜಗಜಾಂತರ. ಗೆಳೆಯ ತೀರಿಕೊಂಡಿದ್ದರೆ ಅವನ ಹೆಂಡತಿಗೆ ಸಿಗುವುದು ಅದಕ್ಕಿಂತ ಕಡಿಮೆ. ಸೇವಾ ಪಿಂಚಣಿ ಕೊನೆಯ ಸಂಬಳದ ಶೇ 50ರಷ್ಟಿದ್ದರೆ, ಸಾಮಾನ್ಯ ಕುಟುಂಬ ಪಿಂಚಣಿ ಶೇ 30 ಮಾತ್ರ. ಈ ಮೂವರಿಗೂ ಒಂದೇ ಮೊತ್ತ ಹೇಳಿದರೆ ಕೆಲವರು ‘ಊರಲ್ಲಿ ಕೆಲಸ ಇದೆ’ ಎಂದು ಸುಮ್ಮನಾಗುತ್ತಾರೆ. ದುಡ್ಡಿಲ್ಲ ಎಂದು ಫೌಜಿ ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ.

ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಸೆಂಟರಿನಲ್ಲಿ ರಿಕ್ರೂಟ್‌ಗಳಾಗಿದ್ದ ನಮ್ಮ ಬ್ಯಾಚಿನ ತಂಬಿಗಳೆಲ್ಲ (ಮದ್ರಾಸ್ ಸ್ಯಾಪರ್‌ಗಳನ್ನು ಕರೆಯುವುದೇ ಹಾಗೆ) ಬೆಂಗಳೂರಿನಲ್ಲಿ ಸೇರುವುದೆಂದು ತೀರ್ಮಾನವಾದಾಗ ಹಣದ ಹೊಣೆ ನನ್ನ ಹೆಗಲಿಗೆ ಬಂತು. ನಾವು ಲೆಕ್ಕವನ್ನು ಕೆಳಗಿನಿಂದ ಶುರುಮಾಡಿದೆವು. ಎಲ್ಲರಿಗಿಂತ ಕಡಿಮೆ ಪಿಂಚಣಿಯವನು ಮನೆಯಲ್ಲಿ ಯಾರನ್ನೂ ಕೇಳದೆ ಕೊಡಬಹುದಾದ ಮೊತ್ತ ಎಷ್ಟು? ಅದು ತಿಂಗಳಿಗೆ ನೂರು ರೂಪಾಯಿ ಎಂದು ನಿಶ್ಚಯವಾಯಿತು. ಅದಕ್ಕಿಂತ ಹೆಚ್ಚು ಕೊಡುವವರು ಕೊಡಲಿ, ಆದರೆ ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕುವಂತಿಲ್ಲ. ಒಟ್ಟು ಜಮಾ ಎಷ್ಟು, ಒಟ್ಟು ಖರ್ಚು ಎಷ್ಟು, ಅಷ್ಟನ್ನು ಎಲ್ಲರೂ ನೋಡಬೇಕು. ಹೆಸರಿರುವ ಪುಸ್ತಕ ಇಬ್ಬರ ಕೈಯಲ್ಲಿ ಮಾತ್ರ.

ಹಣವನ್ನು ಯಾರೊಬ್ಬರ ಸ್ವಂತ ಖಾತೆಗೂ ಹಾಕಬೇಡಿ. ನಂಬಿಕೆ ಇಲ್ಲವೆಂದಲ್ಲ. ನಮ್ಮ ವಯಸ್ಸಿನಲ್ಲಿ ಆ ಒಬ್ಬನಿಗೆ ಏನಾದರೂ ಆದರೆ ಬ್ಯಾಂಕು ಆ ಹಣವನ್ನು ಅವನ ಮನೆಯವರದೆಂದೇ ನೋಡುತ್ತದೆ. ಇಬ್ಬರ ಸಹಿ ಬಿದ್ದರೆ ಮಾತ್ರ ಹಣ ಹೊರಬರುವ ಜಂಟಿ ಉಳಿತಾಯ ಖಾತೆ ತೆರೆದು, ಅದರ ಮೇಲೊಂದು ಆರ್‌ಡಿ ಮಾಡಿಸಿದೆವು. ಬಡ್ಡಿ ಮೊದಲ ಹೆಸರಿನವರ ಪ್ಯಾನ್‌ಗೆ ಸೇರುತ್ತದೆ, ಹಾಗಾಗಿ ತೆರಿಗೆ ಕಟ್ಟಬೇಕಾಗದ ಹಿರಿಯರೊಬ್ಬರ ಹೆಸರು ಮೊದಲಿಗಿರಲಿ. ಸಂಘವಾಗಿ ನೋಂದಾಯಿಸಿಕೊಳ್ಳುವ ಆಸೆಯಿದ್ದರೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು. ಆದರೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಒಂದೇ ಒಂದು ಕೂಟಕ್ಕೆ ಅಷ್ಟೆಲ್ಲ ಬೇಡ.

ಇನ್ನು ದಿನಾಂಕ. ಜನವರಿ 14 ಎಲ್ಲರ ಬಾಯಲ್ಲೂ ಬರುತ್ತದೆ. 1953ರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ ದಿನ ಅದು, ಈಗ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಾರೆ. ಮನಸ್ಸಿಗೆ ಹತ್ತಿರದ ದಿನವೇ, ಆದರೆ ಸಂಕ್ರಾಂತಿಯ ಹೊತ್ತು. ತಮಿಳರಿಗೆ ಪೊಂಗಲ್, ತೆಲುಗರಿಗೆ ದೊಡ್ಡ ಹಬ್ಬ, ರೈಲು ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ನಾವು ಆಷಾಢ ಆರಿಸಿಕೊಂಡೆವು. ನಮ್ಮಲ್ಲಿ ಆಷಾಢಕ್ಕೆ ಮದುವೆಯಿಲ್ಲ, ತೆಲುಗರಲ್ಲೂ ಇಲ್ಲ, ತಮಿಳರ ಆಡಿ ಮಾಸದಲ್ಲಿಲ್ಲ, ಮಲಯಾಳಿಗಳ ಕರ್ಕಾಟಕ ಮಾಸದಲ್ಲಿಲ್ಲ. ಜುಲೈ ಉತ್ತರಾರ್ಧದಲ್ಲಿ ಸಾಮಾನ್ಯವಾಗಿ ನಾಲ್ಕೂ ಒಟ್ಟಿಗೆ ಕೂಡುತ್ತವೆ. ಯಾರ ಮನೆಯಲ್ಲೂ ಮದುವೆಯ ನೆಪವಿಲ್ಲ, ಕಲ್ಯಾಣ ಮಂಟಪಗಳು ಖಾಲಿ. ಮಾಘದಲ್ಲಿ ಹೇಳಿದ ಬಾಡಿಗೆಯ ಅರ್ಧದ ಆಸುಪಾಸಿಗೆ ನಮಗೆ ಮಂಟಪ ಸಿಕ್ಕಿತು. ಜುಲೈ 26 ಕಾರ್ಗಿಲ್ ವಿಜಯ ದಿವಸ ಬೇರೆ. ಸೆಂಟರಿನ ಅನುಮತಿ ಪಡೆದು ಯುದ್ಧ ಸ್ಮಾರಕಕ್ಕೆ ಹೂವಿಟ್ಟು ಬಂದೆವು. ಅದಕ್ಕೆ ಖರ್ಚಾದದ್ದು ಹೂಗುಚ್ಛದ ಹಣ ಮಾತ್ರ.

ಮಂಟಪದವರ ಕೊಟೇಶನ್ನನ್ನು ಕೊನೆಯ ಸಾಲಿನವರೆಗೂ ಓದಿ. ನಮಗೆ ಸಿಕ್ಕ ಕಾಗದದ ಮೇಲ್ಗಡೆ ಬಾಡಿಗೆ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಣ್ಣದಾಗಿ ಕರೆಂಟು ಮೀಟರ್ ಪ್ರಕಾರ, ಜನರೇಟರ್ ಡೀಸೆಲ್ ಬೇರೆ, ಕ್ಲೀನಿಂಗ್ ಬೇರೆ, ಪಾತ್ರೆ ಬಾಡಿಗೆ ಬೇರೆ, ಕೊನೆಯಲ್ಲಿ ಜಿಎಸ್‌ಟಿ ಪ್ರತ್ಯೇಕ. ಮಂಟಪದ ಬಾಡಿಗೆಗೆ ಅದು ಶೇ 18. ಎಲ್ಲ ಸೇರಿ ಎಷ್ಟು ಎಂದು ಬರೆಸಿಕೊಂಡ ಮೇಲೇ ಅಡ್ವಾನ್ಸ್ ಕೊಡಿ. ಅಡುಗೆಯವರ ಜತೆ ಎಲೆ ಲೆಕ್ಕದಲ್ಲಿ ಮಾತಾಡಿ. ಕನಿಷ್ಠ ಎಲೆಗಳನ್ನು ಕಡಿಮೆ ಒಪ್ಪಿಕೊಂಡು, ಹೆಚ್ಚಾದವಕ್ಕೂ ಅದೇ ದರವೆಂದು ಮೊದಲೇ ನಿಗದಿ ಮಾಡಿಕೊಳ್ಳಿ.

ಸೈನಿಕರ ಸಾಮೂಹಿಕ ಭೋಜನವಾದ ಬಡಾ ಖಾನಾ ಎಂದ ಮೇಲೆ ರಮ್ಮಿನ ಮಾತು ಬಂದೇ ಬರುತ್ತದೆ. ಆ ಖರ್ಚು ಸಾಮಾನ್ಯ ನಿಧಿಯಿಂದ ಹೋಗಕೂಡದು. ಕುಡಿಯದವರೂ ವಿಧವೆಯರೂ ಅದಕ್ಕೇಕೆ ದುಡ್ಡು ಕೊಡಬೇಕು? ಬೇಕಾದವರು ಬೇರೆ ಹಣ ಹಾಕಲಿ, ಅಬಕಾರಿ ಇಲಾಖೆಯಿಂದ ಸಿಎಲ್-5 ಲೈಸೆನ್ಸ್ ಪಡೆಯಲಿ. ಸೇನಾ ಕ್ಯಾಂಟೀನ್ ಕೋಟಾದ ಬಾಟಲಿ ಸ್ವಂತ ಬಳಕೆಗೆ ಕೊಟ್ಟದ್ದು, ಕೂಟಕ್ಕೆ ಹಂಚಲು ಅಲ್ಲ.

ಬರುವವರ ನಿಜವಾದ ಖರ್ಚು ಊಟದ್ದಲ್ಲ, ದಾರಿಯದು. ಹಿರಿಯ ನಾಗರಿಕರಿಗಿದ್ದ ರೈಲು ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿದೆ. ರಿಸರ್ವೇಶನ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಆ ಬೆಳಗ್ಗೆ ಟಿಕೆಟ್ ಮಾಡಿಸಿಕೊಡಲು ಒಬ್ಬ ತಂಬಿಯನ್ನು ನೇಮಿಸಿ. ನಮ್ಮ ಬ್ಯಾಚಿನಲ್ಲಿ ಹಲವರು ಇವತ್ತಿಗೂ ಬ್ಯಾಂಕು, ಅಪಾರ್ಟ್‌ಮೆಂಟುಗಳಲ್ಲಿ ಗಾರ್ಡ್ ಕೆಲಸ ಮಾಡುತ್ತಾರೆ. ಅವರಿಗೆ ಶನಿವಾರ ಭಾನುವಾರ ರಜೆಯಲ್ಲ. ಎರಡು ದಿನ ಬಂದರೆ ಎರಡು ದಿನದ ಕೂಲಿ ಹೋಯಿತು, ಬದಲಿ ಆಳನ್ನೂ ಹುಡುಕಬೇಕು. ಅದಕ್ಕೇ ಕೂಟವನ್ನು ಒಂದೇ ಹಗಲಿಗೆ ಇಳಿಸಿದೆವು. ಬೆಳಗ್ಗೆ ಇಳಿದವರು ರಾತ್ರಿ ರೈಲಿಗೆ ಹತ್ತಬಹುದು, ಲಾಡ್ಜಿನ ಖರ್ಚೂ ಉಳಿಯಿತು. ಸ್ಮರಣಿಕೆ, ಶಾಲು, ಫ್ಲೆಕ್ಸ್ ಒಂದೂ ಬೇಡವೆಂದೆವು. ಆ ಹಣದಲ್ಲಿ ವಿಧವೆಯರಿಗೂ ಅವರ ಜತೆ ಬರುವ ಒಬ್ಬರಿಗೂ ಹೋಗಿಬರುವ ಟಿಕೆಟ್ ಮಾಡಿಸಿದೆವು.

ಗದಗದ ಕಡೆಯ ಗೆಳೆಯನ ಹೆಂಡತಿ ಫೋನು ಮಾಡಿದ್ದರು. ‘ಅಣ್ಣಾರ, ನಮ್ಮವರು ಇಲ್ಲ ಅಂತ ನನ್ನ ಹೆಸರು ಬಿಡಬ್ಯಾಡ್ರಿ. ನೂರು ರೂಪಾಯಿ ನಾನೂ ಹಾಕತೀನಿ.’ ಟಿಕೆಟ್ ನಮ್ಮದು ಎಂದಾಗ ಒಪ್ಪಲೇ ಇಲ್ಲ. ಕಂತನ್ನು ಪಡೆದುಕೊಳ್ಳುತ್ತೇವೆ, ಟಿಕೆಟ್ ಮಾತ್ರ ಬ್ಯಾಚಿನದು ಎಂದ ಮೇಲೆ ಮಗಳನ್ನು ಕರೆದುಕೊಂಡು ಬಂದರು. ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ತಿರುಚ್ಚಿಯ ತಂಬಿಯೊಬ್ಬ ಆ ಹುಡುಗಿಯ ಪಕ್ಕ ಕೂತು, ಅವಳ ಅಪ್ಪ ನದಿಗೆ ಸೇತುವೆ ಕಟ್ಟುವಾಗ ಹೇಗೆ ಕೂಗಿ ಲಯ ಹಿಡಿಸುತ್ತಿದ್ದನೆಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳುತ್ತಿದ್ದ. ಪಾಯಸ ಬಡಿಸುವವರು ಬಂದು ನಿಂತಿದ್ದೂ ಅವಳಿಗೆ ತಿಳಿಯಲಿಲ್ಲ.

ಇನ್ನೊಂದು ಮಾತು. ಎಲ್ಲರೂ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು ಜೇಬಿನಲ್ಲಿಟ್ಟುಕೊಂಡು ಬರಲಿ, ಮಂಟಪಕ್ಕೆ ಹತ್ತಿರದ ಆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ ಯಾವುದೆಂದು ವ್ಯವಸ್ಥಾಪಕರು ಮೊದಲೇ ನೋಡಿಟ್ಟುಕೊಂಡಿರಲಿ.

ಕೂಟ ಮುಗಿದ ವಾರದೊಳಗೆ ರಸೀದಿಗಳ ಫೋಟೋ ಸಮೇತ ಜಮಾಖರ್ಚನ್ನು ಗ್ರೂಪಿಗೆ ಹಾಕಿದೆವು. ಸ್ವಲ್ಪ ಹಣ ಉಳಿದಿತ್ತು. ಹಂಚಿಕೊಳ್ಳೋಣವೆಂದು ಯಾರೂ ಕೇಳಲಿಲ್ಲ. ಮುಂದಿನ ಬಾರಿಯ ಕೂಟ ಕೊಯಮತ್ತೂರಿನಲ್ಲಿ, ಅಲ್ಲಿನ ಇಬ್ಬರು ಈಗಾಗಲೇ ಜಂಟಿ ಖಾತೆ ತೆರೆದಿದ್ದಾರೆ. ಉಳಿದದ್ದನ್ನು ಅಲ್ಲಿಗೇ ಕಳಿಸಿದೆವು, ವಿಧವೆಯರ ಟಿಕೆಟ್ಟಿಗೆಂದು ಬರೆದು.