ಜಾಲತಾಣದ ನೇಪಥ್ಯ

ರಂಗದ ಮೇಲೆ ಕಾಣುವ ನಾಟಕಕ್ಕೆ ನೇಪಥ್ಯದ ಸಿದ್ಧತೆ ಹೇಗೋ, ಜಾಲತಾಣದ ಪುಟಕ್ಕೆ ಹಿಂದೆ ನಿಂತು ದುಡಿಯುವ ಸರ್ವರ್ ಗಣಕವು ಹಾಗೆ. ಅಲ್ಲಿ ನಡೆಯುವ ಕಾರ್ಯವನ್ನು ‘ಬ್ಯಾಕ್ ಎಂಡ್’ ಎನ್ನುವರು. ಇದನ್ನು ಕಲಿಯಬಯಸುವ ವಿದ್ಯಾರ್ಥಿಗಳು ‘ಯಾವ ಭಾಷೆಯನ್ನು ಕಲಿಯಬೇಕು?’ ಎಂದು ಮೊದಲು ಕೇಳುವುದುಂಟು. ಪೈಥಾನ್, ಜಾವಾ ಮೊದಲಾದವುಗಳಲ್ಲಿ ಒಂದನ್ನು ಚೆನ್ನಾಗಿ ಕಲಿತರೆ ಸಾಕು. ಭಾಷೆಯು ಉಪಕರಣ ಮಾತ್ರ. ಅರಿಯಬೇಕಾದ ತತ್ತ್ವಗಳು ಬೇರೆ. ಅವು ಯಾವುವೆಂದು ಒಂದು ಉದಾಹರಣೆಯಿಂದ ವಿಚಾರಮಾಡೋಣ.

ರಾತ್ರಿಯ ಬಸ್ಸೊಂದರಲ್ಲಿ ಒಂದೇ ಆಸನ ಉಳಿದಿದೆ. ಬೇರೆ ಬೇರೆ ಊರುಗಳಲ್ಲಿರುವ ಇಬ್ಬರು ಅದನ್ನು ಒಂದೇ ಕ್ಷಣದಲ್ಲಿ ಕೋರುತ್ತಾರೆ ಎಂದಿಟ್ಟುಕೊಳ್ಳೋಣ.

ಕೋರಿಕೆಯು ಸರ್ವರನ್ನು ಮುಟ್ಟುವ ಬಗೆಯೇ ಮೊದಲ ಪಾಠ. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್‌-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. ಅದಕ್ಕಾಗಿ ಅವರು ರೂಪಿಸಿದ ಸಂಭಾಷಣೆಯ ನಿಯಮವೇ ಎಚ್‌ಟಿಟಿಪಿ. ಪ್ರತಿಯೊಂದು ಉತ್ತರದೊಡನೆ ಮೂರಂಕಿಯ ಸಂಖ್ಯೆಯೊಂದು ಬರುತ್ತದೆ: 200 ಎಂದರೆ ಕಾರ್ಯ ಸಫಲ; 404 ಎಂದರೆ ಕೇಳಿದ್ದು ಸಿಗಲಿಲ್ಲ; 500 ಎಂದರೆ ಸರ್ವರಿನಲ್ಲಿಯೇ ದೋಷ.

ಎರಡನೆಯದು ದತ್ತಾಂಶದ ಸಂಗ್ರಹ. ಅದನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಸಿದ್ಧಾಂತವನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಪ್ರಕಟಿಸಿದರು. ಇಂತಹ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್. 10 ಲಕ್ಷ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟು, ಪ್ರತಿ ಸಲವೂ ಅರ್ಧವನ್ನು ಬಿಡುತ್ತ ಹೋದರೆ, ಬೇಕಾದ ಹೆಸರು ಸುಮಾರು 20 ಹೋಲಿಕೆಗಳಲ್ಲಿ ದೊರೆಯುತ್ತದೆ. ಶೀಘ್ರವಾಗಿ ಹುಡುಕಲು ನೆರವಾಗುವ ಸೂಚಿಗಳ ಮರ್ಮವಿದು.

ಮೂರನೆಯದೇ ಕಠಿಣ. ಸರ್ವರು ಮೊದಲನೆಯವರಿಗಾಗಿ ಕೋಷ್ಟಕವನ್ನು ನೋಡಿ ‘ಆಸನ ಒಂದಿದೆ’ ಎಂದು ತಿಳಿಯಿತು. ‘ಸೊನ್ನೆ’ ಎಂದು ಬರೆಯುವ ಮೊದಲೇ ಎರಡನೆಯವರಿಗಾಗಿಯೂ ನೋಡಿತು. ಆಗಲೂ ಕಂಡದ್ದು ಒಂದೇ. ಇಬ್ಬರಿಗೂ ಟಿಕೆಟ್ಟು ದೊರೆಯಿತು! ಬಿಡಿಬಿಡಿಯಾಗಿ ಪ್ರತಿಯೊಂದು ಹೆಜ್ಜೆಯೂ ಸರಿ. ಫಲ ಮಾತ್ರ ತಪ್ಪು. ಬಸ್ಸಿನ ಬಾಗಿಲಲ್ಲಿ ಕಷ್ಟಪಡುವವರು ಪ್ರಯಾಣಿಕರು.

ಇದಕ್ಕೆ ಪರಿಹಾರವೆಂದರೆ, ನೋಡುವ ಮತ್ತು ಬರೆಯುವ ಕ್ರಿಯೆಗಳ ನಡುವೆ ಬೇರೊಂದು ಕೋರಿಕೆ ನುಸುಳದಂತೆ ಕೋಷ್ಟಕದ ಆ ಸಾಲಿಗೆ ಬೀಗ ಹಾಕುವುದು. ಹಣ ಪಡೆಯುವುದು, ಆಸನ ಕೊಡುವುದು ಇವೆರಡನ್ನೂ ದಾಖಲಿಸುವ ಕೆಲಸವು ಪೂರ್ಣವಾಗಿ ನಡೆಯಬೇಕು, ಇಲ್ಲವೇ ನಡೆಯಲೇಬಾರದು. ಈ ಗುಣಕ್ಕೆ ಗಣಕತಜ್ಞರು ‘ಪರಮಾಣು’ವಿನ ಹೆಸರನ್ನೇ ಇಟ್ಟಿದ್ದಾರೆ. ಪರಮಾಣುವು ಒಡೆಯುತ್ತದೆಂದು ಭೌತಶಾಸ್ತ್ರದಲ್ಲಿ ನಾವು ಬಲ್ಲೆವು. ಇಲ್ಲಿ ಮಾತ್ರ ಅದು ಒಡೆಯಕೂಡದು!

ನಾಲ್ಕನೆಯದು ರಕ್ಷಣೆ. ಗುಪ್ತಪದವನ್ನು ಇದ್ದಂತೆಯೇ ಬರೆದಿಡಬಾರದು. ಮರಳಿ ಬಿಡಿಸಲಾಗದ ರೂಪಕ್ಕೆ ಪರಿವರ್ತಿಸಿಯೇ ಇಡಬೇಕು.

ಇವೆಲ್ಲವನ್ನೂ ಓದಿದರಷ್ಟೇ ಸಾಲದು, ಮಾಡಿ ನೋಡಬೇಕು. ಪೈಥಾನ್ ಮತ್ತು ಎಸ್‌ಕ್ಯೂಎಲೈಟ್ ಎರಡೂ ಉಚಿತವಾಗಿ ದೊರೆಯುತ್ತವೆ. ಅವುಗಳಿಂದ ಪುಸ್ತಕಭಂಡಾರದ ಸಣ್ಣ ಎರವಲು ದಾಖಲೆಯೊಂದನ್ನು ರಚಿಸಿರಿ. ಒಂದೇ ಪ್ರತಿಯಿರುವ ಪುಸ್ತಕಕ್ಕೆ ಏಕಕಾಲದಲ್ಲಿ ನೂರು ಕೋರಿಕೆಗಳನ್ನು ಕಳುಹಿಸಿರಿ. ಒಬ್ಬರಿಗೆ ಪುಸ್ತಕವೂ ಉಳಿದ 99 ಮಂದಿಗೆ ‘ಇಲ್ಲ’ವೆಂಬ ಸ್ಪಷ್ಟ ಉತ್ತರವೂ ದೊರೆತರೆ, ಈ ವಿದ್ಯೆಯ ಮುಖ್ಯ ಪಾಠವೊಂದು ನಿಮಗೆ ಕೈವಶವಾಯಿತೆಂದು ತಿಳಿಯಬಹುದು.