ಟ್ರ್ಯಾಕ್ಟರ್ ನಿಂತ ದಿನಗಳು

ನಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಪ್ರತಿ ವರ್ಷವೂ ಒಂದು ಕ್ಯಾಲೆಂಡರ್ ತೂಗುತ್ತದೆ. ಹಸುಗಳಿಗೆ ಮೇವು ಹಾಕಲೆಂದು ಟ್ರ್ಯಾಕ್ಟರ್ ಚಾಲೂ ಮಾಡಿದ ದಿನಕ್ಕೆಲ್ಲ ಅದರಲ್ಲಿ ಕೆಂಪು ಗೆರೆ ಎಳೆಯುತ್ತೇನೆ. ಮೊದಲ ಚಳಿಗಾಲದಲ್ಲಿ ಅಕ್ಟೋಬರ್ ಕೊನೆಯಿಂದ ಮೇ ತಿಂಗಳಲ್ಲಿ ಹುಲ್ಲು ಚಿಗುರುವವರೆಗೆ 197 ಗೆರೆ ಎಳೆದಿದ್ದೆ. ಆ ವರ್ಷ ಕರು ಮಾರಿದ ದುಡ್ಡೆಲ್ಲ ಹುಲ್ಲು, ಡೀಸೆಲ್‌ಗೇ ಹೋಯಿತು.

ನಾವಿರುವುದು ಕೆನಡಾದ ಸಾಸ್ಕಾಚೆವನ್ ಪ್ರಾಂತ್ಯದಲ್ಲಿ, ಸಾಸ್ಕಟೂನ್ ನಗರದಿಂದ ಪೂರ್ವಕ್ಕೆ ಒಂದೂವರೆ ಗಂಟೆಯ ದಾರಿ. ನನ್ನ ಊರು ತಿಪಟೂರಿನ ಕಡೆ. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಬಂದೆವು. ನಾನು ಒಬ್ಬ ಹಿರಿಯ ರೈತರ ಹತ್ತಿರ ಕೂಲಿಗೆ ಸೇರಿದೆ, ಆರು ವರ್ಷ ಕಳೆದ ಮೇಲೆ ಅವರ ಜಾಗದಲ್ಲೇ ಪಾಲಿಗೆ 80 ಹಸು ಹಿಡಿದೆ. ಆಂಗಸ್ ಮತ್ತು ಹೆರಿಫೋರ್ಡ್ ಬೆರಕೆ, ಮಾಂಸದ ತಳಿ. ನಮ್ಮ ಮನೆಯಲ್ಲಿ ಇದು ಸುಲಭಕ್ಕೆ ಹೇಳಿಕೊಳ್ಳುವ ಕೆಲಸವಾಗಿರಲಿಲ್ಲ. ಹಬ್ಬದ ದಿನ ಹಸುವಿನ ಹಣೆಗೆ ಅರಿಶಿನ ಕುಂಕುಮ ಇಡುತ್ತಿದ್ದ ಅಮ್ಮ, ಎರಡು ವರ್ಷ ಫೋನಿನಲ್ಲಿ ನನ್ನ ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಅವರಿಗೆ ನಾನು ಹೇಳಿದ್ದು ಇಷ್ಟೇ: ನನ್ನ ಕೈಯಲ್ಲಿರುವಷ್ಟು ದಿನ ಯಾವ ಹಸುವೂ ಹಸಿದು ನಡುಗಬಾರದು, ಅದಕ್ಕೆ ನಾನು ಹೊಣೆ. ಆಮೇಲೆ ಗೊತ್ತಾಯಿತು, ಇಲ್ಲಿ ನಡುಗುವ ಹಸುವಿನಿಂದ ಯಾರಿಗೂ ಲಾಭ ಹುಟ್ಟುವುದಿಲ್ಲ ಎಂದು.

ಲೆಕ್ಕ ಸರಳವಾಗಿದೆ. 630 ಕಿಲೋ ತೂಗುವ ಹಸು ದಿನಕ್ಕೆ ಸುಮಾರು 15 ಕಿಲೋ ಒಣಮೇವು ತಿನ್ನುತ್ತದೆ. 200 ದಿನಕ್ಕೆ 3 ಟನ್. ಇಲ್ಲಿನ ದುಂಡು ಹುಲ್ಲಿನುರುಳೆಗಳಲ್ಲಿ ಹೇಳುವುದಾದರೆ ಒಂದೊಂದು ಹಸುವಿಗೂ ಐದಾರು ಉರುಳೆ. ಹುಲ್ಲು ಕೊಯ್ಯುವುದು, ಉರುಳೆ ಕಟ್ಟುವುದು, ಅಂಗಳಕ್ಕೆ ಸಾಗಿಸುವುದು, ಮತ್ತೆ ದಿನವೂ ಹಸುವಿನ ಮುಂದೆ ಹಾಕುವುದು, ಬೇಸಿಗೆಯಲ್ಲಿ ಗೊಬ್ಬರ ಹೊತ್ತು ಹೊಲಕ್ಕೆ ಚೆಲ್ಲುವುದು. ಪ್ರತಿ ಹೆಜ್ಜೆಗೂ ಟ್ರ್ಯಾಕ್ಟರ್ ಬೇಕು. ಕರುವಿನ ಬೆಲೆ ನಮ್ಮ ಕೈಯಲ್ಲಿಲ್ಲ. ಮೇ 2003ರಲ್ಲಿ ಪಕ್ಕದ ಆಲ್ಬರ್ಟದ ಒಂದೇ ಒಂದು ಹಸುವಿನಲ್ಲಿ ಹುಚ್ಚುಹಸು ರೋಗ ಕಾಣಿಸಿದ್ದಕ್ಕೆ ಅಮೆರಿಕದ ಗಡಿ ಮುಚ್ಚಿತು, ಎಳೆಯ ದನಗಳಿಗೆ ಅದು ಮತ್ತೆ ತೆರೆದದ್ದು ಜುಲೈ 2005ರಲ್ಲಿ. ಆ ಎರಡು ವರ್ಷದ ಮಾತು ಬಂದರೆ ಇಲ್ಲಿನ ಹಿರಿಯರ ದನಿ ಈಗಲೂ ತಗ್ಗುತ್ತದೆ. ನಮ್ಮ ಕೈಯಲ್ಲಿರುವುದು ಖರ್ಚು ಮಾತ್ರ, ಅದರಲ್ಲಿ ದೊಡ್ಡದು ಚಳಿಗಾಲದ ಮೇವು.

ನನ್ನ ಮೊದಲ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ ಪಶುವೈದ್ಯರನ್ನು ಕರೆಸಿ ಗಬ್ಬ ಪರೀಕ್ಷೆ ಮಾಡಿಸುವುದು ಇಲ್ಲಿನ ಪದ್ಧತಿ. ಫೀಸು ಉಳಿಸಲು ಹೋಗಿ ನಾನು ಮಾಡಿಸಲಿಲ್ಲ. ಹಸುಗಳು ಈಯುವ ಕಾಲಕ್ಕೆ 11 ಹಸು ಬರಿಹೊಟ್ಟೆಯವು ಎಂದು ಗೊತ್ತಾಯಿತು. ಕರುವೇ ಕೊಡದ 11 ಹಸುಗಳಿಗೆ 33 ಟನ್ ಹುಲ್ಲು ತಿನ್ನಿಸಿದ್ದೆ. ಈಗ ಹಿಮ ಬೀಳುವ ಮೊದಲೇ ಪರೀಕ್ಷೆ ಮುಗಿಯುತ್ತದೆ, ಗಬ್ಬ ನಿಲ್ಲದ ಹಸು ಚಳಿಗಾಲಕ್ಕೆ ಉಳಿಯುವುದಿಲ್ಲ.

ಎರಡನೆಯದು ಈಯುವ ತಿಂಗಳು. ಜಾಗ ಕೊಟ್ಟ ಹಿರಿಯರದು ಫೆಬ್ರವರಿಯ ರೂಢಿ, ನಾನೂ ಹಾಗೇ ನಡೆದೆ. ಒಂದು ರಾತ್ರಿ ಮೈನಸ್ 36 ಡಿಗ್ರಿ. ಟಾರ್ಚ್ ಹಿಡಿದು ಹೋಗುವಷ್ಟರಲ್ಲಿ ಒಂದು ಕಡಸು ಹಿಮದ ಮೇಲೇ ಈದಿತ್ತು. ತಾಯಿ ನೆಕ್ಕುತ್ತಲೇ ಇದೆ, ನೆಕ್ಕಿದ ಕಡೆಯೇ ಕೂದಲು ಹೆಪ್ಪುಗಟ್ಟಿ ಮುಳ್ಳಿನ ಹಾಗೆ ನಿಂತಿದೆ. ಕರುವಿನ ಬಾಯೊಳಗೆ ಬೆರಳಿಟ್ಟೆ, ನಾಲಗೆ ತಣ್ಣಗಿತ್ತು. ಅದನ್ನು ಹೊತ್ತುಕೊಂಡು ಮನೆಗೆ ಓಡಿದೆ. ಹೆಂಡತಿ ಬಚ್ಚಲಲ್ಲಿ ಬೆಚ್ಚಗಿನ ನೀರು ತುಂಬಿದಳು, ಟವೆಲಿನಿಂದ ಒರೆಸಿ ಒರೆಸಿ, ಗಿಣ್ಣುಹಾಲು ಕುಡಿಸಿದೆವು. ಅದು ಬದುಕಿತು, ಕಿವಿಯ ತುದಿಗಳು ಮಾತ್ರ ಉದುರಿಹೋದವು. ಆ ವರ್ಷ ಹುಟ್ಟಿದ 69 ಕರುಗಳಲ್ಲಿ ಏಳು ಉಳಿಯಲಿಲ್ಲ.

ಹೋರಿ ಬಿಡುವುದನ್ನು ಆಗಸ್ಟ್ ಮೊದಲ ವಾರಕ್ಕೆ ಮುಂದೂಡಿದೆ. ಹಸುವಿನ ಗಬ್ಬ ಸುಮಾರು 283 ದಿನ, ಹಾಗಾಗಿ ಈಯುವ ಕಾಲ ಮೇ ಎರಡನೇ ವಾರದಿಂದ. ಲಾಭ ಕರು ಉಳಿಯುವುದರಲ್ಲಿ ಮಾತ್ರ ಇಲ್ಲ. ಇಲ್ಲಿ ಮೇವಿನ ಶಕ್ತಿಗೆ ಎಲ್ಲರ ಬಾಯಲ್ಲೂ ಇರುವ ಒಂದು ಲೆಕ್ಕ 55, 60, 65: ನಡುಗಬ್ಬದಲ್ಲಿ ಮೇವಿನ ಜೀರ್ಣವಾಗುವ ಸತ್ವ ಶೇ 55 ಇದ್ದರೆ ಸಾಕು, ತುಂಬುಗಬ್ಬಕ್ಕೆ ಶೇ 60, ಹಾಲೂಡುವಾಗ ಶೇ 65. ಫೆಬ್ರವರಿಯಲ್ಲಿ ಈಯುವ ಹಸುವಿಗೆ ಕಡುಚಳಿಯಲ್ಲೇ ತುಂಬುಗಬ್ಬ, ಹಿಮ ಕರಗುವ ಮೊದಲೇ ಹಾಲಿನ ಹೊರೆ. ಮೇ ತಿಂಗಳಲ್ಲಿ ಈಯುವ ಹಸು ಡಿಸೆಂಬರ್, ಜನವರಿಯಲ್ಲಿ ನಡುಗಬ್ಬದಲ್ಲಿರುತ್ತದೆ, ಸಾಧಾರಣ ಮೇವಿನಲ್ಲೇ ನಿಭಾಯಿಸುತ್ತದೆ. ಹೆಚ್ಚು ಬೇಕಾದ ಹೊತ್ತಿಗೆ ಹೊರಗೆ ಹಸಿರು ಬಂದಿರುತ್ತದೆ. ಕರು ಅಕ್ಟೋಬರಿನ ಮಾರಾಟಕ್ಕೆ ಹಗುರವಾಗಿ ಬರುತ್ತದೆ, ನಿಜ. ಆದರೆ ಹಗುರ ಕರುವಿಗೆ ಕಿಲೋ ಬೆಲೆ ಸಾಮಾನ್ಯವಾಗಿ ಹೆಚ್ಚು, ಉಳಿದ ಕರುಗಳೂ ಹೆಚ್ಚು. ಫೆಬ್ರವರಿ ಬಿಡಲಾಗದವರಿಗೆ ಒಂದು ಉಪಾಯವುಂಟು: ದಿನದ ಮೇವನ್ನು ಸಂಜೆಗತ್ತಲಲ್ಲಿ ಹಾಕುವುದು, ಆಗ ಹೆಚ್ಚಿನ ಹಸುಗಳು ಹಗಲಲ್ಲೇ ಈಯುತ್ತವೆ. ಮ್ಯಾನಿಟೋಬಾದ ಗಸ್ ಕೊನೆಫಾಲ್ ಎಂಬ ರೈತ ಇದನ್ನು ಗಮನಿಸಿ ಹೇಳಿದವರು. ಆಮೇಲೆ ಅಮೆರಿಕದ ಅಯೋವಾದಲ್ಲಿ 15 ರೈತರ ಮಂದೆಗಳಲ್ಲಿ ಹೀಗೆ ಮೇವು ಹಾಕಿ ನೋಡಿದಾಗ ಶೇ 85ರಷ್ಟು ಕರು ಬೆಳಿಗ್ಗೆ ಆರರಿಂದ ಸಂಜೆ ಆರರೊಳಗೆ ಹುಟ್ಟಿದ್ದವು.

ಈಗ ಕೆಂಪು ಗೆರೆಗಳನ್ನು ನಿಜವಾಗಿ ಅಳಿಸಿದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಇದಕ್ಕೆ ಸ್ವಾತ್ ಗ್ರೇಜಿಂಗ್ ಎನ್ನುತ್ತಾರೆ. ಬಾರ್ಲಿಯನ್ನು ಬೇಕೆಂದೇ ತಡಮಾಡಿ ಮೇ ಕೊನೆಗೋ ಜೂನ್ ಮೊದಲಿಗೋ ಬಿತ್ತುವುದು. ಸೆಪ್ಟೆಂಬರಿನಲ್ಲಿ ಹಾಲುಗಾಳು ಕಳೆದು ಹಿಟ್ಟುಗಾಳಿಗೆ ತಿರುಗುವಾಗ ಕೊಯ್ದು, ಉದ್ದುದ್ದ ಸಾಲಾಗಿ ಹೊಲದಲ್ಲೇ ಬಿಟ್ಟುಬಿಡುವುದು. ಹಿಮ ಬಿದ್ದ ಮೇಲೆ ಹಸುಗಳೇ ಅಲ್ಲಿಗೆ ಹೋಗಿ ಮೇಯುತ್ತವೆ. ಆಲ್ಬರ್ಟದ ಲಕೋಂಬ್ ಸಂಶೋಧನಾ ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕೊಯ್ದ ಬೆಳೆಯನ್ನು ಹಿಮಕ್ಕೆ ಬಿಡುವುದೆಂದರೆ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮಲ್ಲಿ ರಾಗಿ ಕೊಯ್ದ ಮೇಲೆ ಒಂದು ಮಳೆ ಬಂದರೆ ಮನೆಮಂದಿಯೆಲ್ಲ ಮೆದೆ ಮುಚ್ಚಲು ಓಡುತ್ತಿದ್ದೆವು.

ಮೊದಲ ದಿನ ಬೇಲಿಯ ಹತ್ತಿರ ನಿಂತು ನೋಡಿದೆ. ಮಂದೆಯ ಹಳೆಯ ಹಸು, ಒಂದು ಕಣ್ಣಿನ ಸುತ್ತ ಬಿಳಿ ಮಚ್ಚೆಯಿರುವಂಥದ್ದು, ಮೂಗನ್ನು ಹಿಮದೊಳಗೆ ತೂರಿಸಿ ಗೋಣು ಎಡಕ್ಕೆ ಬಲಕ್ಕೆ ಬೀಸಿತು. ಹಿಮ ಸರಿದು ಕೆಳಗೆ ಇನ್ನೂ ಹಸಿರು ಬಣ್ಣ ಉಳಿಸಿಕೊಂಡ ಬಾರ್ಲಿ ಕಂಡಿತು. ನಾಲ್ಕು ಬಾಯಿ ಮೇವು, ಆಮೇಲೆ ಪಕ್ಕದ ಪುಡಿಹಿಮಕ್ಕೆ ನಾಲಗೆ ಹಾಕಿ ಒಂದು ತುತ್ತು. ಮತ್ತೆ ಮೇವು. ಉಳಿದವು ಅದನ್ನು ನೋಡಿ ಕಲಿತವು. ಒಂದೇ ದಿನ ಎಲ್ಲವನ್ನೂ ತುಳಿದು ಹಾಳುಮಾಡದಂತೆ ಕರೆಂಟ್ ತಂತಿ ಎಳೆದು ಮೂರು ದಿನಕ್ಕಾಗುವಷ್ಟೇ ಬಿಡುತ್ತೇನೆ. ತಂತಿ ಜರುಗಿಸಲು ಅರ್ಧ ಗಂಟೆ ಸಾಕು, ಟ್ರ್ಯಾಕ್ಟರ್ ಬೇಡ. ಸಗಣಿ, ಗಂಜಲ ಬೀಳಬೇಕಾದಲ್ಲೇ ಬೀಳುತ್ತವೆ. ಹುಲ್ಲಿನುರುಳೆಗಳನ್ನೂ ಶರತ್ಕಾಲದಲ್ಲೇ ಬಡಕಲು ಹೊಲದಲ್ಲಿ ಸಾಲಾಗಿ ಇಟ್ಟು ಹೀಗೇ ಮೇಯಿಸಬಹುದು, ಆದರೆ ದಾರವನ್ನು ಚಳಿ ಬರುವ ಮೊದಲೇ ಬಿಚ್ಚಿಡಿ. ಹಿಮಗಟ್ಟಿದ ಮೇಲೆ ಬಿಚ್ಚಲಾಗದು, ಹಸು ನುಂಗಿದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗೆ ಮೇಯಿಸಿದ ನಮ್ಮ ಮರಳುಗುಡ್ಡ ಮುಂದಿನ ಬೇಸಿಗೆಯಲ್ಲಿ ಮೊಣಕಾಲೆತ್ತರ ಹುಲ್ಲು ಹೊತ್ತು ನಿಂತಾಗ ನಾನು ಗಾಡಿ ನಿಲ್ಲಿಸಿ ಇಳಿದು ನೋಡಿದೆ.

ಹಿಮವನ್ನೇ ನಂಬಿ ನೀರು ಮರೆಯಬಾರದು. ಹಿಮ ಗಟ್ಟಿಪದರವಾದರೆ ಹಸುವಿಗೆ ಸಿಗುವುದಿಲ್ಲ, ಹಾಲೂಡುವ ಹಸುವಿಗೆ, ಬಡಕಲು ಹಸುವಿಗೆ ಅದು ಸಾಲುವುದೂ ಇಲ್ಲ.

ಗಾಳಿಯ ಮಾತು ಸ್ವಲ್ಪ. ಒಣಗಿದ ದಪ್ಪ ಕೂದಲಿನ ಹಸು ಮೈನಸ್ 8 ಡಿಗ್ರಿವರೆಗೆ ಹೆಚ್ಚು ಮೇವು ಕೇಳುವುದಿಲ್ಲ. ಅದರ ಕೆಳಗೆ ಪ್ರತಿ ಡಿಗ್ರಿಗೂ ಸುಮಾರು ಶೇ 2 ಹೆಚ್ಚು ಶಕ್ತಿ ಬೇಕು. ಕೂದಲು ಒದ್ದೆಯಾಗಿದ್ದರೆ ಪ್ಲಸ್ 15 ಡಿಗ್ರಿಯಲ್ಲೇ ಚಳಿ ಶುರು. ಹಾಗಾಗಿ ಒಣ ಹಾಸುಹುಲ್ಲೂ ಗಾಳಿತಡೆಯೂ ಮೇವಿನಷ್ಟೇ ಮುಖ್ಯ. ಹಲಗೆಗಳ ನಡುವೆ ಕಾಲುಭಾಗ ಸಂದು ಬಿಟ್ಟು ಕಟ್ಟಿದ ತಡೆ, ಪೂರ್ತಿ ಮುಚ್ಚಿದ ಗೋಡೆಗಿಂತ ಒಳ್ಳೆಯದು. ಎತ್ತರದ ಎಂಟು ಹತ್ತು ಪಟ್ಟು ದೂರದವರೆಗೆ ಅದು ಗಾಳಿ ಮುರಿಯುತ್ತದೆ.

ಇದೆಲ್ಲ ಮಾಡಿಯೂ ಒಮ್ಮೆ ಸೋತೆ. ಕೊಂಡು ತಂದ ಹುಲ್ಲು ಹಸಿರಾಗಿ ಘಮಘಮಿಸುತ್ತಿತ್ತು, ಲ್ಯಾಬಿಗೆ ಕಳಿಸಲಿಲ್ಲ. ಹಸುಗಳು ಹೊಟ್ಟೆ ತುಂಬ ತಿಂದು ದುಂಡಗೆ ಕಾಣುತ್ತಿದ್ದವು. ಜನವರಿಯಲ್ಲಿ ಹಿರಿಯರು ಬಂದು ಕೈಗವಸು ಕಳಚಿ, ಆ ಚಳಿಯಲ್ಲಿ ಬರಿಗೈಯನ್ನು ಹಸುವಿನ ಬೆನ್ನ ಪಕ್ಕದ ಕಿರು ಎಲುಬುಗಳ ಮೇಲೆ ಒತ್ತಿದರು. ನನ್ನ ಕೈಯನ್ನೂ ಅಲ್ಲಿಡಿಸಿದರು. ಎರಡಂಗುಲ ಕೂದಲಿನ ಕೆಳಗೆ ಎಲುಬುಗಳು ಒಂದೊಂದೂ ಎಣಿಸುವಂತಿದ್ದವು. ಮೈಕೊಬ್ಬಿನ ಐದರ ಅಳತೆಯಲ್ಲಿ ಮೂರು ಇರಬೇಕಾದ ಹಸು ಎರಡಕ್ಕೆ ಇಳಿದಿತ್ತು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಪಕ್ಕೆಗೆ ಅಪ್ಪ ಅಂಗೈ ಒತ್ತಿ ನಿಲ್ಲುತ್ತಿದ್ದದ್ದು ನೆನಪಾಯಿತು. ನಾನು ಮನೆಯಲ್ಲೇ ಕಲಿತು ಬಂದದ್ದನ್ನು ಇಲ್ಲಿ ಮರೆತಿದ್ದೆ. ಬಡಕಲು ಹಸು ಮುಂದಿನ ಸಲ ತಡವಾಗಿ ಬೆದೆಗೆ ಬರುತ್ತದೆ, ಇಲ್ಲವೇ ಗಬ್ಬವೇ ನಿಲ್ಲುವುದಿಲ್ಲ. ಅಲ್ಲಿಗೆ ಮತ್ತೆ ಆ 11 ಹಸುಗಳ ಕಥೆಯೇ. ಈಗ ಪ್ರತಿ ಹುಲ್ಲೂ ಪರೀಕ್ಷೆಗೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತಾರು ಹಸುಗಳ ಬೆನ್ನು ಮುಟ್ಟಿ ಪುಸ್ತಕದಲ್ಲಿ ಬರೆಯುತ್ತೇನೆ, ಮೂರಕ್ಕಿಂತ ಕೆಳಗಿಳಿದವನ್ನು ಬೇರೆ ಕಟ್ಟಿ ಒಳ್ಳೆಯ ಮೇವು ಹಾಕುತ್ತೇನೆ.

ಕಳೆದ ಚಳಿಗಾಲದ ಕ್ಯಾಲೆಂಡರಿನಲ್ಲಿ 58 ಗೆರೆಗಳಿವೆ. ನಮ್ಮ ಕಡೆಯ ಹುಡುಗರು ಕೆಲವರು ಫೋನ್ ಮಾಡಿ, ಇಲ್ಲಿ ದನ ಹಿಡಿದರೆ ಗಿಟ್ಟುತ್ತದೆಯೇ ಅಣ್ಣ ಎಂದು ಕೇಳುತ್ತಾರೆ. ಗಿಟ್ಟುತ್ತದೆ. ಆದರೆ ಬ್ಯಾಂಕಿಗೆ ಹೋಗುವ ಮೊದಲು ನವೆಂಬರಿನಿಂದ ಮೇ ತಿಂಗಳವರೆಗೆ ಒಂದು ಪೂರ್ತಿ ಚಳಿಗಾಲ ಇನ್ನೊಬ್ಬರ ಮಂದೆಯಲ್ಲಿ ಕೂಲಿ ಮಾಡಿ. ನಮ್ಮಲ್ಲಿಗೇ ಬಂದರೂ ಸರಿ, ಉಳಿಯಲು ಜಾಗವಿದೆ.