ತಡವಾಗಿ ನುಡಿಯುವ ಆಮ್ಲಜನಕ ಸಂವೇದಕ

ಜ್ವರಮಾಪಕವನ್ನು ನಾಲಗೆಯಡಿಯಲ್ಲಿರಿಸಿ ಕ್ಷಣಾರ್ಧದಲ್ಲಿ ಹೊರತೆಗೆದರೆ ಅದು ತೋರಿಸುವ ಅಂಕವನ್ನು ನಾವು ನಂಬುವುದಿಲ್ಲ. ಮಾಪಕವು ಕೆಟ್ಟಿಲ್ಲ, ನಿಜವನ್ನು ಹೇಳಲು ಅದಕ್ಕೆ ಕಾಲಾವಕಾಶ ಬೇಕು, ಅಷ್ಟೆ. ಆದರೆ ಅಂಥ ಅವಕಾಶವಿಲ್ಲದ ಸ್ಥಳಗಳೂ ಉಂಟು. ಮೋಟಾರು ಕಾರಿನ ಹೊಗೆಕೊಳವೆ ಅವುಗಳಲ್ಲೊಂದು. ಅಲ್ಲಿರುವ ಆಮ್ಲಜನಕ ಸಂವೇದಕವು ನಿಧಾನವಾಗಿರುವುದನ್ನು ಕಂಡುಹಿಡಿಯುವ ಬಗೆ ಹೇಗೆಂಬುದನ್ನು ವಿಚಾರಮಾಡೋಣ.

ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಹೊಗೆಯ ವಿಷಾನಿಲಗಳನ್ನು ನಿರುಪದ್ರವಿಗಳನ್ನಾಗಿಸುವ ಪರಿವರ್ತಕವು ಮಿಶ್ರಣವು ಈ ಪ್ರಮಾಣದ ಸಮೀಪದಲ್ಲಿದ್ದಾಗ ಮಾತ್ರವೇ ಚೆನ್ನಾಗಿ ಕೆಲಸಮಾಡಬಲ್ಲುದು. ಈ ಪ್ರಮಾಣದ ಕಾವಲುಗಾರನೇ ಸಂವೇದಕ. ಜರ್ಮನಿಯ ಬಾಷ್ ಕಂಪೆನಿಯು ತಯಾರಿಸಿದ ಇದು ೧೯೭೬ರಲ್ಲಿ ಸ್ವೀಡನ್ನಿನ ವೋಲ್ವೊ ಕಾರುಗಳಲ್ಲಿ ಮೊದಲು ಬಳಕೆಗೆ ಬಂದಿತು.

ಸಂವೇದಕದ ಹೃದಯವೆಂದರೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನಿಂದಾದ, ಒಂದು ತುದಿ ಮುಚ್ಚಿದ ಪುಟ್ಟ ಕೊಳವೆ. ಅದರ ಹೊರಮೈಗೆ ಹೊಗೆಯೂ ಒಳಮೈಗೆ ಶುದ್ಧ ಗಾಳಿಯೂ ತಗಲುತ್ತವೆ. ಉಷ್ಣತೆಯು ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ, ಎರಡು ಕಡೆಗಳ ಆಮ್ಲಜನಕದ ವ್ಯತ್ಯಾಸದಿಂದ ವಿದ್ಯುದೊತ್ತಡವು ಹುಟ್ಟುತ್ತದೆ. ಪೆಟ್ರೋಲು ಹೆಚ್ಚಾದರೆ ಸುಮಾರು ೦.೯ ವೋಲ್ಟು, ಗಾಳಿ ಹೆಚ್ಚಾದರೆ ಸುಮಾರು ೦.೧ ವೋಲ್ಟು. ಮೊದಲನೆಯದನ್ನು ಕಂಡೊಡನೆ ಎಂಜಿನಿನ ಗಣಕವು ಪೆಟ್ರೋಲನ್ನು ತಗ್ಗಿಸುತ್ತದೆ. ಎರಡನೆಯದನ್ನು ಕಂಡೊಡನೆ ಹೆಚ್ಚಿಸುತ್ತದೆ. ಆದುದರಿಂದ ಈ ಒತ್ತಡವು ಸದಾ ಏರುತ್ತಲೂ ಇಳಿಯುತ್ತಲೂ ಇರುವುದೇ ಆರೋಗ್ಯದ ಲಕ್ಷಣ.

ವರ್ಷಗಳು ಕಳೆದಂತೆ ಮಸಿ, ಎಂಜಿನ್ ಎಣ್ಣೆಯ ಶೇಷ, ಸಿಲಿಕೋನ್ ಅಂಟಿನಿಂದ ಬರುವ ಸಿಲಿಕಾ ಮುಂತಾದವು ಸಂವೇದಕದ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತವೆ. ಆಗ ಸುದ್ದಿ ತಡವಾಗುತ್ತದೆ. ಗಣಕವು ಹಳೆಯ ಸುದ್ದಿಯನ್ನೇ ನಂಬಿ ಪೆಟ್ರೋಲನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಇಂಧನವು ವ್ಯರ್ಥವಾಗಿ, ಬೆಲೆಯುಳ್ಳ ಪರಿವರ್ತಕವೂ ಅತಿಯಾಗಿ ಕಾದು ಕೆಡಬಹುದು.

ಸಾಧಾರಣ ವೋಲ್ಟುಮಾಪಕವು ಇಲ್ಲಿ ನಮ್ಮನ್ನು ಮೋಸಗೊಳಿಸಬಹುದು. ಅದು ಏರಿಳಿತಗಳ ಸರಾಸರಿಯಾದ ೦.೪೫ ವೋಲ್ಟಿನ ಆಸುಪಾಸನ್ನು ತೋರಿಸೀತು. ನಿಧಾನವಾದ ಸಂವೇದಕದ ಸರಾಸರಿಯೂ ಅಷ್ಟೇ ಇರಬಹುದಲ್ಲವೆ? ನಮಗೆ ಬೇಕಾದುದು ಏರಿಕೆಯ ವೇಗ. ಅದನ್ನು ಆಸಿಲೋಸ್ಕೋಪಿನ ತೆರೆಯ ಮೇಲೆ ಕಾಣಬೇಕು.

ಎಂಜಿನು ಚೆನ್ನಾಗಿ ಕಾದ ಮೇಲೆ, ಅನುಭವಿಗಳು ಗಾಳಿಯ ದ್ವಾರಕ್ಕೆ ಸ್ವಲ್ಪ ಪ್ರೊಪೇನ್ ಅನಿಲವನ್ನು ಬಿಡುತ್ತಾರೆ. ಒತ್ತಡವು ೦.೮ ವೋಲ್ಟನ್ನು ಮೀರಬೇಕು. ಅನಿಲವನ್ನು ನಿಲ್ಲಿಸಿ, ನಿರ್ವಾತದ ನಳಿಕೆಯೊಂದನ್ನು ಕಳಚಿ ಹೆಚ್ಚು ಗಾಳಿ ಕೊಟ್ಟರೆ ೦.೨ಕ್ಕಿಂತ ಕೆಳಗಿಳಿಯಬೇಕು. ಮತ್ತೆ ಅನಿಲವನ್ನು ಬಿಟ್ಟಾಗ ೦.೩ರಿಂದ ೦.೬ ವೋಲ್ಟಿಗೆ ಏರಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಹಿಡಿಯಬಾರದು. ಗೆರೆಯು ಗೋಡೆಯಂತೆ ನೆಟ್ಟಗೇಳದೆ ದಿಣ್ಣೆಯಂತೆ ಓರೆಯಾದರೆ ಸಂವೇದಕವು ಮುದಿಯಾಯಿತೆಂದು ತಿಳಿಯಬೇಕು. ಹೊಸ ಕಾರುಗಳಲ್ಲಿ ಅನೇಕವುಗಳಿಗಿರುವ ವಿಶಾಲವ್ಯಾಪ್ತಿಯ ಸಂವೇದಕಕ್ಕೆ ಈ ಅಂಕಗಳು ಸಲ್ಲವು.

ಗಣಕವು ಪಿ ೦೧೩೩ ಎಂಬ ಸಂಕೇತವನ್ನು ತೋರಿಸಿದೊಡನೆ ಸಂವೇದಕವನ್ನು ಬದಲಿಸುವುದು ಆತುರದ ಕೆಲಸ. ಆ ಸಂಕೇತವು ಸಂದೇಹವೇ ಹೊರತು ತೀರ್ಪಲ್ಲ. ಒಳಗಿನ ಕಾಯಿಸುವ ತಂತಿ ಕಡಿದಿರಬಹುದು. ಹೊಗೆಕೊಳವೆಯ ಬಿರುಕಿನಿಂದ ಹೊರಗಾಳಿ ನುಸುಳುತ್ತಿರಬಹುದು. ಇವನ್ನು ಮೊದಲು ನೋಡಬೇಕು. ನಮ್ಮ ಪರೀಕ್ಷೆಗೆ ಸಂವೇದಕವು ಚುರುಕಾಗಿ ಉತ್ತರಿಸಿದರೆ, ದೋಷವನ್ನು ಬೇರೆಡೆ ಹುಡುಕಬೇಕು. ಸಾಕ್ಷಿಯ ಮೇಲೆ ಅಪರಾಧ ಹೊರಿಸುವ ಮುನ್ನ ಸಾಕ್ಷಿಯನ್ನೇ ಪ್ರಶ್ನಿಸಿ ನೋಡುವುದು ವಿಜ್ಞಾನದ ರೀತಿ.